ನೌಕರರ ಅಗತ್ಯಗಳು ಮತ್ತು ದುಡಿಮೆಯ ಉಮೇದಿ: ಉತ್ತರ ಕನ್ನಡದ ಸಣ್ಣ ಸಂಸ್ಥೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ನಾನು ಹಲವು ವರ್ಷ ಲೆಕ್ಕಪತ್ರವನ್ನೂ ಸಿಬ್ಬಂದಿಯ ವ್ಯವಹಾರವನ್ನೂ ನೋಡಿಕೊಂಡಿದ್ದೆ. ಈಗ ಸಹಕಾರಿ ಸಂಘದ ಕಾರ್ಯದರ್ಶಿಗಳು, ಗೇರುಬೀಜ ಕಾರ್ಖಾನೆಯವರು, ಗೋಕರ್ಣದ ಕಡೆ ಹೋಮ್‌ಸ್ಟೇ ನಡೆಸುವವರು, ಕಾರವಾರದ ದೋಣಿ ಮಾಲೀಕರು ಆಗಾಗ ಸಲಹೆ ಕೇಳಲು ಬರುತ್ತಾರೆ. ಘಟ್ಟದ ಮೇಲಿನವರಿರಲಿ, ಕೆಳಗಿನವರಿರಲಿ, ಅವರ ಮೊದಲ ಮಾತು ಬಹುತೇಕ ಒಂದೇ: “ಆಳು ಸಿಗುವುದಿಲ್ಲ, ಸಿಕ್ಕವರಿಗೆ ಉಮೇದಿ ಇಲ್ಲ.” ಈ ಮಾತಿನ ಉತ್ತರಾರ್ಧವನ್ನು ನಾನು ಒಪ್ಪುವುದಿಲ್ಲ. ಅದರ ಕಾರಣಗಳು ಕೆಳಗಿನ ಉತ್ತರಗಳಲ್ಲಿವೆ.

ಅಗತ್ಯ ಎಂದರೇನು, ಅದಕ್ಕೂ ಕೆಲಸದ ಉಮೇದಿಗೂ ಏನು ಸಂಬಂಧ?

ತನಗೆ ಇಲ್ಲದಿರುವ, ಆದರೆ ಇರಲೇಬೇಕು ಎನ್ನಿಸುವ ಸಂಗತಿಯೇ ಅಗತ್ಯ. ಅದನ್ನು ಪಡೆಯಲು ಯಾರ ಒತ್ತಾಯವೂ ಇಲ್ಲದೆ ಮನುಷ್ಯನನ್ನು ಶ್ರಮಕ್ಕೆ ಹಚ್ಚುವುದು ಉಮೇದಿ. ಹೊಟ್ಟೆಪಾಡು, ನಾಳೆಯ ಭರವಸೆ, ಜೊತೆಗಾರರು, ಮರ್ಯಾದೆ, ತನ್ನ ಕೈಯಿಂದ ಏನೋ ಆಗುತ್ತಿದೆ ಎಂಬ ತೃಪ್ತಿ, ಇವೆಲ್ಲ ಅಗತ್ಯಗಳೇ. ಮಾಡುವ ಕೆಲಸದಿಂದ ಇವು ಈಡೇರುತ್ತವೆ ಎಂದು ಕಂಡರೆ ಶ್ರಮ ಕೆಲಸದ ಕಡೆಗೆ ಹರಿಯುತ್ತದೆ, ಕಾಣದಿದ್ದರೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ನಮ್ಮ ವಖಾರಿಯಲ್ಲಿ ಮಧ್ಯಾಹ್ನ ಚೀಲಕ್ಕೆ ಒರಗಿ ತೂಕಡಿಸುತ್ತಿದ್ದ ಹುಡುಗನೊಬ್ಬ ಊರಿನ ಯಕ್ಷಗಾನದ ಆಟದಲ್ಲಿ ಬೆಳಗಿನವರೆಗೆ ಚೆಂಡೆ ಬಾರಿಸುವುದನ್ನು ನಾನೇ ನೋಡಿದ್ದೇನೆ. ತೂಕಡಿಕೆಗೆ ಕಾರಣ ಅದೇ ಎಂದು ನೀವು ನಗಬಹುದು, ಅದು ನಿಜವೂ ಹೌದು. ಆದರೂ ಅವನಲ್ಲಿ ಉಮೇದಿಯೇ ಇಲ್ಲ ಎಂದು ಅಂದಿನಿಂದ ನಾನು ಹೇಳಲಿಲ್ಲ.

ಮಾಸ್ಲೋ ಅವರ ಐದು ಮೆಟ್ಟಿಲುಗಳನ್ನು ಕಾಲೇಜಿನಲ್ಲಿ ಓದಿದ್ದೇವೆ. ಕೆಳಗಿನ ಮೆಟ್ಟಿಲು ಪೂರ್ತಿಯಾದ ಮೇಲೆಯೇ ಮುಂದಿನದಲ್ಲವೇ?

ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೋ 1943ರ ಲೇಖನವೊಂದರಲ್ಲಿ ಮನುಷ್ಯನ ಅಗತ್ಯಗಳನ್ನು ಐದಾಗಿ ವಿಂಗಡಿಸಿದರು: ಅನ್ನ ನೀರು ನಿದ್ದೆಯಂಥ ದೇಹದ ಅಗತ್ಯಗಳು, ಸುರಕ್ಷತೆ, ಪ್ರೀತಿ ಮತ್ತು ಬಳಗ, ಗೌರವ, ಕೊನೆಯದಾಗಿ ತನ್ನೊಳಗಿನ ಶಕ್ತಿಯನ್ನು ಪೂರ್ತಿ ಅರಳಿಸಿಕೊಳ್ಳುವುದು. ಈ ಕೊನೆಯದನ್ನು ನಮ್ಮ ಪಠ್ಯಪುಸ್ತಕಗಳು ‘ಆತ್ಮಸಾಕ್ಷಾತ್ಕಾರ’ ಎಂದು ಕರೆದಿರುವುದರಿಂದ ಅದು ಸ್ವರ್ಣವಲ್ಲಿ ಮಠದಲ್ಲೋ ಸೋಂದೆಯ ಮಠದಲ್ಲೋ ಸಿಗುವ ವಸ್ತು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಉಳಿದುಬಿಡುತ್ತದೆ. ಮಾಸ್ಲೋ ಹೇಳಿದ್ದು ಲೌಕಿಕವಾದದ್ದು: ಸಂಗೀತಗಾರ ಸಂಗೀತ ಮಾಡದೆ ನೆಮ್ಮದಿಯಿಂದ ಇರಲಾರ ಎಂಬ ಅರ್ಥದ ಮಾತು.

ಪಿರಮಿಡ್ಡಿನ ಚಿತ್ರ ಅವರು ಬರೆದದ್ದಲ್ಲ. ಅವರ ವಿಚಾರವನ್ನು ವ್ಯವಸ್ಥಾಪಕರಿಗೆ ಹೇಳಿಕೊಡಲು ಹೊರಟವರು ಮುಂದೆ ಸೇರಿಸಿದ್ದು. ಒಂದು ಅಗತ್ಯ ನೂರಕ್ಕೆ ನೂರು ಈಡೇರಿದ ಮೇಲೆಯೇ ಇನ್ನೊಂದು ಹುಟ್ಟುತ್ತದೆ ಎಂದೂ ಅವರು ಹೇಳಲಿಲ್ಲ. ಸಾಮಾನ್ಯ ಮನುಷ್ಯನಿಗೆ ದೇಹದ ಅಗತ್ಯಗಳು ಶೇಕಡಾ 85, ಸುರಕ್ಷತೆ 70, ಪ್ರೀತಿ 50, ಗೌರವ 40, ಕೊನೆಯದು 10ರಷ್ಟು ಈಡೇರಿರಬಹುದು ಎಂದು, ಬರಿಯ ಉದಾಹರಣೆಗಾಗಿ ಎಂಬ ಎಚ್ಚರಿಕೆಯೊಂದಿಗೆ, ಅದೇ ಲೇಖನದಲ್ಲಿ ಬರೆದಿದ್ದರು. ಎಲ್ಲ ಅಗತ್ಯಗಳೂ ಏಕಕಾಲಕ್ಕೆ ಅಷ್ಟಷ್ಟು ಅರೆಯಾಗಿ ಉಳಿದಿರುತ್ತವೆ ಎಂಬುದು ಇದರ ತಾತ್ಪರ್ಯ. 1976ರಲ್ಲಿ ವಾಹಬಾ ಮತ್ತು ಬ್ರಿಡ್‌ವೆಲ್ ಎಂಬ ಇಬ್ಬರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಮೆಟ್ಟಿಲುಗಳ ಕ್ರಮಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ.

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಯನ್ನು ನಾವು ಗೇಲಿಗೆ ಬಳಸುತ್ತೇವೆ. ಆದರೆ ಗಾದೆ ಕಟ್ಟಿದವರು ಕಂಡದ್ದು ಸತ್ಯವನ್ನೇ: ಮರ್ಯಾದೆಯ ಹಸಿವು ಹೊಟ್ಟೆ ತುಂಬುವವರೆಗೆ ಕಾಯುವುದಿಲ್ಲ.

ಈ ಕ್ರಮದ ತೊಡಕನ್ನು ಬಿಡಿಸಲು ಕ್ಲೇಟನ್ ಆಲ್ಡರ್‌ಫರ್ 1969ರಲ್ಲಿ ಅಗತ್ಯಗಳನ್ನು ಬದುಕು, ಸಂಬಂಧ, ಬೆಳವಣಿಗೆ ಎಂಬ ಮೂರಕ್ಕೆ ಇಳಿಸಿದರು. ಮೇಲಿನ ಅಗತ್ಯಕ್ಕೆ ದಾರಿ ಮುಚ್ಚಿದರೆ ಮನುಷ್ಯ ಕೆಳಗಿನದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ ಎಂಬ ಅವರ ಮಾತು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಹತ್ತು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತ ಗುಮಾಸ್ತರು ಚಹಾದ ಲೋಟದ ಗಾತ್ರಕ್ಕೂ ಫ್ಯಾನಿನ ದಿಕ್ಕಿಗೂ ಜಗಳ ತೆಗೆಯುತ್ತಿದ್ದರೆ, ಜಗಳ ಬಹುಶಃ ಚಹಾದ್ದಾಗಿರುವುದಿಲ್ಲ.

ಸಂಬಳ ಹೆಚ್ಚಿಸಿದೆವು, ಎರಡು ತಿಂಗಳಲ್ಲಿ ಎಲ್ಲರೂ ಮೊದಲಿನಂತಾದರು. ಏಕೆ?

ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಇಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲಿ ಪ್ರಕಟಿಸಿದ ವಿಚಾರ ಇದಕ್ಕೆ ಹೊಂದುತ್ತದೆ. ಕೆಲಸದಲ್ಲಿ ಬೇಸರ ತರುವ ಸಂಗತಿಗಳೇ ಬೇರೆ, ಸಂತೋಷ ತರುವವೇ ಬೇರೆ ಎಂದು ಅವರಿಗೆ ತೋರಿತು. ಸಂಸ್ಥೆಯ ನಿಯಮ, ಮೇಲ್ವಿಚಾರಣೆ, ಸಂಬಳ, ಕೆಲಸದ ಜಾಗ ಇವು ಕೆಟ್ಟರೆ ಅಸಮಾಧಾನ ಹುಟ್ಟುತ್ತದೆ, ಸರಿಯಾದರೆ ಅಸಮಾಧಾನ ಹೋಗುತ್ತದೆ, ಅಷ್ಟೇ. ಸಾಧಿಸಿದ ತೃಪ್ತಿ, ಅದನ್ನು ಯಾರಾದರೂ ಗುರುತಿಸುವುದು, ಜವಾಬ್ದಾರಿ, ಬೆಳೆಯುವ ಅವಕಾಶ ಇವು ಉಮೇದಿಯನ್ನು ತರುತ್ತವೆ.

ತೋಟದವರಿಗೆ ನಾನು ಇದನ್ನು ಹೀಗೆ ಹೇಳುತ್ತೇನೆ. ಮಳೆಗಾಲದಲ್ಲಿ ಬೋರ್ಡೋ ಮದ್ದು ಹೊಡೆಸಿದರೆ ಕೊಳೆರೋಗ ತಡೆಯುತ್ತದೆ. ಹೊಡೆಸದಿದ್ದರೆ ಕಾಯಿ ಉದುರುತ್ತದೆ. ಆದರೆ ಇನ್ನೆರಡು ಸಲ ಮದ್ದು ಹೊಡೆಸಿದರೆ ಇನ್ನೆರಡು ಕೊನೆ (ಅಡಿಕೆ ಗೊನೆ) ಹೆಚ್ಚು ಬರುತ್ತದೆ ಎಂದು ಯಾವ ಹೆಗಡೆಯವರೂ ನಂಬುವುದಿಲ್ಲ, ಅದಕ್ಕೆ ಬೆಟ್ಟದಿಂದ ಸೊಪ್ಪು ತರಬೇಕು, ಗೊಬ್ಬರ ಹಾಕಬೇಕು. ಸಂಬಳ ಮದ್ದಿನ ಜಾತಿಗೆ ಸೇರಿದ್ದು.

ಹರ್ಜ್‌ಬರ್ಗ್ ಅವರ ವಿಧಾನಕ್ಕೆ ಆಕ್ಷೇಪಗಳೂ ಇವೆ. ಒಳ್ಳೆಯದಾದರೆ ತನ್ನಿಂದ, ಕೆಟ್ಟದಾದರೆ ಸಂಸ್ಥೆಯಿಂದ ಎಂದು ಹೇಳುವುದು ಮನುಷ್ಯನ ಸ್ವಭಾವವಾದ್ದರಿಂದ, ಬರಿಯ ಮಾತಿನ ಮೇಲೆ ಹೀಗೆ ಎರಡು ರಾಶಿ ಮಾಡುವುದು ಪೂರ್ತಿ ಸರಿಯಲ್ಲ. ಕಡಿಮೆ ಸಂಬಳದ ಊರುಗಳಲ್ಲಿ ಹಣ ಎರಡೂ ರಾಶಿಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ನನ್ನ ಅನುಭವ.

ಹಾಗಾದರೆ ಸಂಬಳ ಅಷ್ಟೇನೂ ಮುಖ್ಯವಲ್ಲ ಎಂದಾಯಿತೇ?

ಹಾಗಾಗುವುದಿಲ್ಲ. ಈ ಸಿದ್ಧಾಂತಗಳನ್ನು ಅರ್ಧ ಓದಿದ ಮಾಲೀಕರು ಅತಿ ಹೆಚ್ಚು ದುರುಪಯೋಗ ಮಾಡಿಕೊಳ್ಳುವ ಜಾಗವೇ ಇದು. ಕನಿಷ್ಠ ವೇತನವನ್ನೂ ಕೊಡದೆ ‘ಕೆಲಸದ ತೃಪ್ತಿ’ಯ ಬಗ್ಗೆ ಭಾಷಣ ಮಾಡುವವರಿಗೆ ನಾನು ಸಲಹೆ ಕೊಡುವುದನ್ನು ನಿಲ್ಲಿಸಿದ್ದೇನೆ.

ಸಂಬಳದ ವಿಷಯದಲ್ಲಿ ಮೊತ್ತದಷ್ಟೇ ತೂಕ ಇನ್ನೂ ಕೆಲವಕ್ಕೆ ಇದೆ. ಮೊದಲನೆಯದು ತಾರೀಖು. ತಿಂಗಳ ಐದಕ್ಕೆ ಬರುವ ಹದಿನಾಲ್ಕು ಸಾವಿರಕ್ಕೂ, ಹತ್ತರಿಂದ ಇಪ್ಪತ್ತರ ನಡುವೆ ಯಾವತ್ತಾದರೂ ಬರಬಹುದಾದ ಹದಿನೈದು ಸಾವಿರಕ್ಕೂ, ಸ್ವಸಹಾಯ ಸಂಘದ ಕಂತು ಕಟ್ಟುವ ಮನೆಯಲ್ಲಿ ಬಹಳ ವ್ಯತ್ಯಾಸವಿದೆ; ಮೊದಲನೆಯದು ಸುರಕ್ಷತೆಯ ಅಗತ್ಯವನ್ನೂ ಈಡೇರಿಸುತ್ತದೆ.

ಎರಡನೆಯದು ಹೋಲಿಕೆ. ಜಾನ್ ಸ್ಟೇಸಿ ಆಡಮ್ಸ್ 1963ರಲ್ಲಿ ವಿವರಿಸಿದಂತೆ, ಮನುಷ್ಯ ತಾನು ಹಾಕಿದ್ದಕ್ಕೆ ಬಂದುದನ್ನು ಪಕ್ಕದವನು ಹಾಕಿದ್ದಕ್ಕೆ ಬಂದುದರ ಜೊತೆ ಅಳೆದು ನೋಡುತ್ತಾನೆ, ಅಳತೆ ತಪ್ಪಿದೆ ಎನಿಸಿದರೆ ತನ್ನ ಶ್ರಮವನ್ನು ಇಳಿಸಿ ಸಮ ಮಾಡಿಕೊಳ್ಳುತ್ತಾನೆ. ಹನ್ನೆರಡು ವರ್ಷ ತಕ್ಕಡಿಯ ಮುಂದೆ ನಿಂತವರಿಗಿಂತ, ನಿನ್ನೆ ಬಂದ ಕಂಪ್ಯೂಟರ್ ಹುಡುಗನಿಗೆ ಎರಡು ಸಾವಿರ ಹೆಚ್ಚು ಗೊತ್ತು ಮಾಡಿದ್ದು ನಮ್ಮಲ್ಲಿಯೂ ನಡೆದಿತ್ತು. ಪೇಟೆಯ ದರ ಹಾಗೆಯೇ ಇತ್ತು, ಅದರಲ್ಲಿ ತಪ್ಪೇನಿಲ್ಲ ಎಂದು ನಾನೂ ವಾದಿಸಿದ್ದೆ. ಹಳಬರು ಒಂದು ಮಾತೂ ಆಡಲಿಲ್ಲ. ಚಾಲಿ ಮತ್ತು ಬಿಳೆಗೋಟು ಎಂಬ ಬೇರೆಬೇರೆ ದರ್ಜೆಯ ಅಡಿಕೆಯ ಚೀಲ ಅದಲುಬದಲಾದಾಗ ಮೊದಲಿನಂತೆ ಕೂಗಿ ಹೇಳುವುದನ್ನು ಮಾತ್ರ ಬಿಟ್ಟರು. ಆ ಹಂಗಾಮಿನ ನಷ್ಟದ ಮುಂದೆ ಎರಡು ಸಾವಿರ ಯಾವ ಲೆಕ್ಕಕ್ಕೂ ಇರಲಿಲ್ಲ.

ಮೂರನೆಯದು ಮುಂಗಡ. ಮಗಳ ಮದುವೆಗೋ ಮನೆಯ ಹಂಚಿಗೋ ಕೊಡುವ ಮುಂಗಡ ಮಾನವೀಯವಾದದ್ದು. ಆದರೆ ಅದು ತೀರದಂತೆ ನೋಡಿಕೊಂಡು ಜನರನ್ನು ಹಿಡಿದಿಟ್ಟುಕೊಳ್ಳುವುದು ಉಮೇದಿಯನ್ನು ಕೊಲ್ಲುತ್ತದೆ. ಸಾಲಕ್ಕೆ ಪ್ರತಿಯಾಗಿ ದುಡಿಸಿಕೊಳ್ಳುವ ಜೀತ ಪದ್ಧತಿಯನ್ನು 1976ರ ಕಾಯ್ದೆಯೇ ರದ್ದು ಮಾಡಿದೆ ಎಂಬುದೂ ನೆನಪಿನಲ್ಲಿರಲಿ.

ಬೋನಸ್ಸನ್ನು ಯಾವಾಗ ಕೊಡುವುದು ಒಳ್ಳೆಯದು?

ಕಾನೂನು ಅನ್ವಯಿಸುವ ಸಂಸ್ಥೆಗಳಲ್ಲಿ ಕನಿಷ್ಠ ಬೋನಸ್ ಶೇಕಡಾ 8.33, ಅಂದರೆ ವರ್ಷದ ವೇತನದ ಹನ್ನೆರಡನೆಯ ಒಂದು ಭಾಗ. ಬೇರೆ ಊರುಗಳ ರೂಢಿ ನೋಡಿ ಇಲ್ಲಿಯೂ ದೀಪಾವಳಿಗೆ ಕೊಡುವವರಿದ್ದಾರೆ. ನಮ್ಮ ಕರಾವಳಿಯ ಮನೆಗಳಲ್ಲಿ ಕೈ ಖಾಲಿಯಾಗುವುದು ಚೌತಿಗೆ. ಗೋವಾದಲ್ಲಿರುವವರೂ ಬೆಂಗಳೂರಿನಲ್ಲಿರುವವರೂ ಊರಿಗೆ ಬರುವುದು ಆಗಲೇ. ಶಿರಸಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯ ನೆಂಟರ ಖರ್ಚು ಇದೆ. ದೀಪಾವಳಿಯ ಅದೇ ಹಣ ಎರಡು ತಿಂಗಳು ಮೊದಲು, ಚೌತಿಗೇ ಬಂದರೆ ಹೆಚ್ಚು ಅಗತ್ಯಗಳಿಗೆ ಒದಗುತ್ತದೆ.

ಸುರಕ್ಷತೆಯ ಅಗತ್ಯ ಎಂದಾಗ ನಮ್ಮ ಜಿಲ್ಲೆಯಲ್ಲಿ ವಿಶೇಷವಾಗಿ ಏನನ್ನು ಗಮನಿಸಬೇಕು?

ಮಳೆ, ರಸ್ತೆ ಮತ್ತು ಆಸ್ಪತ್ರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು; ಮೂರು ವಾರದ ನಂತರ, ಆಗಸ್ಟ್ 6ರ ನಡುರಾತ್ರಿ ಕಳೆದ ಮೇಲೆ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಇದನ್ನೆಲ್ಲ ಕಂಡ ಮೇಲೂ ರೆಡ್ ಅಲರ್ಟ್ ಇರುವ ದಿನ ದೇವಿಮನೆ ಘಟ್ಟ ಇಳಿದು ಬರಲಿಲ್ಲವೆಂದು ಅರ್ಧ ದಿನದ ಪಗಾರ ಕತ್ತರಿಸುವ ಸಂಸ್ಥೆಗಳಿವೆ. ಉಳಿಯುವ ಹಣ ಅಲ್ಪ. ಆದರೆ ‘ನನ್ನ ಜೀವಕ್ಕೆ ಇವರ ಲೆಕ್ಕದಲ್ಲಿ ಬೆಲೆಯಿಲ್ಲ’ ಎಂಬ ತೀರ್ಮಾನಕ್ಕೆ ನೌಕರರು ಬರಲು ಅಷ್ಟು ಸಾಕು.

ದೊಡ್ಡ ಕಾಯಿಲೆ ಬಂದರೆ ಇಲ್ಲಿಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಹೋಗಬೇಕು. ಹೀಗಾಗಿ ಚಿಕಿತ್ಸೆಯ ಖರ್ಚಿನ ಮೇಲೆ ಗಾಡಿಯ ಖರ್ಚು, ಜೊತೆಗಿರುವವರ ದುಡಿಮೆಯ ನಷ್ಟ ಎರಡೂ ಬೀಳುತ್ತವೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇದೆ, ಇಪ್ಪತ್ತು ಜನರಿರುವ ಸಂಸ್ಥೆಗೆ ಭವಿಷ್ಯ ನಿಧಿ (ಪಿಎಫ್) ಬರುತ್ತದೆ. ಭವಿಷ್ಯ ನಿಧಿಯನ್ನು ತಪ್ಪಿಸಿಕೊಳ್ಳಲು ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತೇ ಹೆಸರು ಬರೆಯುವ ಮಾಲೀಕರು, ಆಮೇಲೆ ಹುಡುಗರು ಗೋವಾದ ಕಾರ್ಖಾನೆಗೆ ಹೋದರೆಂದು ಕೊರಗುವುದನ್ನು ನೋಡಿದ್ದೇನೆ. ಆ ಹುಡುಗರನ್ನು ಕೇಳಿದರೆ ಸಂಬಳದ ಮೊದಲು ‘ಅಲ್ಲಿ ಪಿಎಫ್ ಇದೆ’ ಎನ್ನುತ್ತಾರೆ.

ದೋಣಿಯಲ್ಲಿ ಸಂಬಳವಿಲ್ಲ, ಪಾಲು ಇದೆ. ಈ ಪದ್ಧತಿಯಲ್ಲಿ ಉಮೇದಿ ತಾನಾಗಿ ಇರಬೇಕಲ್ಲವೇ?

ಬಹುಮಟ್ಟಿಗೆ ಇರುತ್ತದೆ. ಡೀಸೆಲ್, ಐಸ್, ರೇಷನ್ ಖರ್ಚು ಕಳೆದು ಉಳಿದುದನ್ನು ಮಾಲೀಕರು, ತಾಂಡೇಲರು (ದೋಣಿ ನಡೆಸುವವರು) ಮತ್ತು ಕಲಾಸಿಗಳು (ದೋಣಿಯ ಕೆಲಸಗಾರರು) ಗೊತ್ತಾದ ಪಾಲಿನಂತೆ ಹಂಚಿಕೊಳ್ಳುವಾಗ, ಬಲೆ ಎಳೆಯುವ ಕೈಗೂ ಸಿಗುವ ಹಣಕ್ಕೂ ಇರುವ ಸಂಬಂಧ ಕಣ್ಣಿಗೇ ಕಾಣುತ್ತದೆ. ವಿಕ್ಟರ್ ವ್ರೂಮ್ 1964ರಲ್ಲಿ ಮಂಡಿಸಿದ ನಿರೀಕ್ಷೆಯ ಸಿದ್ಧಾಂತವೂ ಇದನ್ನೇ ಹೇಳುತ್ತದೆ: ಶ್ರಮಪಟ್ಟರೆ ಕೆಲಸವಾಗುತ್ತದೆ, ಕೆಲಸವಾದರೆ ಫಲ ಸಿಗುತ್ತದೆ, ಆ ಫಲ ತನಗೆ ಬೇಕಾದದ್ದು ಎಂಬ ಮೂರು ನಂಬಿಕೆಗಳೂ ಇದ್ದಾಗ ಮನುಷ್ಯ ಮುಂದಾಗುತ್ತಾನೆ. ನಡುವಿನ ನಂಬಿಕೆ ಮುರಿಯುವುದು ಖರ್ಚಿನ ಚೀಟಿಯಲ್ಲಿ. ಮೀನು ಎಷ್ಟಕ್ಕೆ ಹೋಯಿತು, ಡೀಸೆಲ್ ಎಷ್ಟು ಕುಡಿಯಿತು ಎಂಬುದನ್ನು ಮಾಲೀಕರು ಬಾಯಿಯಲ್ಲಿ ಹೇಳಿ ಮುಗಿಸಿದರೆ, ಪಾಲು ಎಷ್ಟೇ ನ್ಯಾಯವಾಗಿದ್ದರೂ ಅನುಮಾನ ಉಳಿಯುತ್ತದೆ. ಕಾರವಾರದ ಬೈತಖೋಲ ಬಂದರಿನಲ್ಲಿ ನಿಂತು ಕೇಳಿದ ಜಗಳಗಳಲ್ಲಿ ಹೆಚ್ಚಿನವು ಪಾಲಿನ ಪ್ರಮಾಣದ ಬಗ್ಗೆ ಇರಲಿಲ್ಲ, ಲೆಕ್ಕ ತೋರಿಸದ ಬಗ್ಗೆ ಇದ್ದವು.

ಪಾಲಿಗೆ ಇನ್ನೊಂದು ಮಿತಿಯಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ಇಲ್ಲ, ಪಾಲೂ ಇಲ್ಲ. ಆಗ ಬಲೆ ರಿಪೇರಿಗೆಂದಾದರೂ ಕೆಲವರನ್ನು ದಿನಗೂಲಿಯಲ್ಲಿ ಉಳಿಸಿಕೊಂಡ ಮಾಲೀಕರಿಗೆ ಆಗಸ್ಟಿನಲ್ಲಿ ಜನ ಹುಡುಕುವ ಪಾಡು ಕಡಿಮೆ.

ಒಟ್ಟಿಗೆ ಕುಳಿತು ಮಾತಾಡುತ್ತ ಕೆಲಸ ಮಾಡುತ್ತಾರೆ. ಮಾತು ನಿಲ್ಲಿಸಿದರೆ ಕೆಲಸ ಹೆಚ್ಚಾಗುವುದಿಲ್ಲವೇ?

ಅಡಿಕೆ ಸುಲಿಯುವ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತವರ ಮಾತು ನಿಲ್ಲಿಸಿ ನೋಡಿ, ರಾತ್ರಿ ಎಂಟು ಗಂಟೆಗೇ ಎಲ್ಲರಿಗೂ ನಿದ್ದೆ ಬರುತ್ತದೆ. ಬೇಸರದ ಕೆಲಸವನ್ನು ಸಹ್ಯವಾಗಿಸುವುದು ಬಳಗವೇ. ಮುರಿಯಾಳಿನ ಪದ್ಧತಿ, ಅಂದರೆ ಇವತ್ತು ನಿಮ್ಮ ತೋಟಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು ಎಂಬ ಕೊಡುಕೊಳ್ಳುವಿಕೆ, ಕೂಲಿಯೇ ಇಲ್ಲದೆ ಇಷ್ಟು ಕಾಲ ನಡೆದದ್ದರಲ್ಲಿ ಈ ಬಳಗದ ಪಾಲು ದೊಡ್ಡದು.

ಆದರೆ ಬಳಗ ಎರಡು ಅಲಗಿನ ಕತ್ತಿ ಎಂಬುದಕ್ಕೆ ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಅಧ್ಯಯನಗಳೇ ಸಾಕ್ಷಿ. ಅಲ್ಲಿ ಒಂದು ಕೋಣೆಯಲ್ಲಿ ಕೆಲವೇ ಹೆಣ್ಣುಮಕ್ಕಳ ತಂಡದ ಉತ್ಪಾದನೆ ಏರುತ್ತ ಹೋಯಿತು. ತಮ್ಮನ್ನು ಕೇಳುವವರಿದ್ದಾರೆ ಎಂಬ ಭಾವನೆ ಅದಕ್ಕೆ ಕಾರಣವೆಂದು ಹೇಳಿದರು, ಆ ವಿವರಣೆಯ ಬಗ್ಗೆ ಇಂದಿಗೂ ವಾದವಿದೆ. ಇನ್ನೊಂದು ಕೋಣೆಯಲ್ಲಿ ತಂತಿ ಜೋಡಿಸುತ್ತಿದ್ದ 14 ಗಂಡಸರು ದಿನಕ್ಕೆ ಇಷ್ಟೇ ಎಂದು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡು, ಹೆಚ್ಚು ಮಾಡಿದವನನ್ನು ಗೇಲಿ ಮಾಡಿ ಸಾಲಿಗೆ ತರುತ್ತಿದ್ದರು. ಹೆಚ್ಚು ಹಣಕ್ಕಿಂತ ಪಕ್ಕದವರ ಒಪ್ಪಿಗೆ ಅವರಿಗೆ ದೊಡ್ಡದಾಗಿತ್ತು. ಹಮಾಲರ ತಂಡದಲ್ಲಿ ಒಬ್ಬರಿಗೆ ಮಾತ್ರ ಇನಾಮು ಕೊಡುವ ಮುನ್ನ ಇದನ್ನು ಯೋಚಿಸಬೇಕು. ತಂಡಕ್ಕೆ ಕೊಡುವುದು ಸಾಮಾನ್ಯವಾಗಿ ಮೇಲು.

ನೌಕರರನ್ನು ಮನೆಯವರ ಹಾಗೆ ನೋಡಿಕೊಳ್ಳುತ್ತೇವೆ. ಇನ್ನೇನು ಬೇಕು?

ಬಂದವರಿಗೆ ಆಸರಿ (ಕುಡಿಯಲು) ಕೊಟ್ಟು, ಕವಳದ (ಎಲೆಯಡಿಕೆಯ) ತಬಕು ಮುಂದಿಟ್ಟು ಮಾತಾಡಿಸುವ ಊರು ನಮ್ಮದು, ಅದು ದೊಡ್ಡ ಗುಣ. ಆದರೂ ಈ ಮಾತನ್ನು ಕೇಳಿದಾಗ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ: ಅವರಿಗೆ ವಾರದ ರಜೆ ಇದೆಯೇ, ನಿಮ್ಮ ಮಾತನ್ನು ಎದುರಿಗೆ ಅಲ್ಲವೆನ್ನುವ ಧೈರ್ಯ ಅವರಿಗಿದೆಯೇ? ಮನೆಯವರಂತೆ ಎಂಬ ಮಾತು ಕೆಲವು ಕಡೆ ರಾತ್ರಿ ಹತ್ತಕ್ಕೂ ಫೋನ್ ಮಾಡುವ ಪರವಾನಗಿಯಾಗಿದೆ. ಊಟದ ಪಂಕ್ತಿ ಬೇರೆ, ಲೋಟ ಬೇರೆ ಇರುವ ಕಡೆಯಂತೂ ಆ ಮಾತನ್ನು ಆಡದಿರುವುದೇ ಮರ್ಯಾದೆ.

ಪ್ರತಿ ತಿಂಗಳು ‘ಉತ್ತಮ ನೌಕರ’ ಬಹುಮಾನ ಇಡಬಹುದೇ?

ನಾವು ಇಟ್ಟಿದ್ದೆವು. ಮೂರನೆಯ ತಿಂಗಳಿಗೆ ಸರದಿಯ ಪ್ರಕಾರ ಕೊಡುವ ಸ್ಥಿತಿ ಬಂತು, ಐದನೆಯ ತಿಂಗಳಿಗೆ ನಿಲ್ಲಿಸಿದೆವು. ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಸಕ್ತಿಯಿಂದ ಒಗಟಿನ ಆಟ ಬಿಡಿಸುತ್ತಿದ್ದ ವಿದ್ಯಾರ್ಥಿಗಳಿಗೆ ಒಂದೊಂದಕ್ಕೆ ಒಂದು ಡಾಲರ್ ಕೊಟ್ಟು, ಆಮೇಲೆ ಹಣ ನಿಲ್ಲಿಸಿದಾಗ, ಬಿಡುವಿನ ವೇಳೆಯಲ್ಲಿ ಅವರು ಅದನ್ನು ಮುಟ್ಟುವುದೇ ಕಡಿಮೆಯಾಯಿತು. ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ಮೂರು ಅಗತ್ಯಗಳನ್ನು ಗುರುತಿಸಿದರು: ತನ್ನ ಇಚ್ಛೆಯಿಂದ ಮಾಡುತ್ತಿದ್ದೇನೆ ಎಂಬುದು, ತನಗೆ ಇದು ಬರುತ್ತದೆ ಎಂಬುದು, ತನ್ನವರು ಜೊತೆಗಿದ್ದಾರೆ ಎಂಬುದು. ಬಹುಮಾನ ಹಿಡಿತದಂತೆ ಕಂಡರೆ ಮೊದಲನೆಯದಕ್ಕೆ ಪೆಟ್ಟು ಬೀಳುತ್ತದೆ. ಹೇಳದೆ ಕೇಳದೆ ಸಿಕ್ಕ ಮೆಚ್ಚುಗೆಗೆ ಈ ದೋಷವಿಲ್ಲ.

ಕಲಿತ ಹುಡುಗರು ಉಳಿಯುವುದಿಲ್ಲ. ಸಣ್ಣ ಸಂಸ್ಥೆಯಲ್ಲಿ ಬಡ್ತಿ ಎಲ್ಲಿಂದ ತರುವುದು?

ಇದಕ್ಕೆ ನಮ್ಮ ಯಕ್ಷಗಾನ ಮೇಳದ ಚೌಕಿಯನ್ನು, ಅಂದರೆ ವೇಷ ಕಟ್ಟುವ ಜಾಗವನ್ನು ನೋಡಬೇಕು. ಹಳೆಯ ಕ್ರಮದಲ್ಲಿ ಹೊಸಬರು ಕೋಡಂಗಿಯಾಗಿ ಕುಣಿದು, ಬಾಲಗೋಪಾಲರಾಗಿ, ಸಣ್ಣಪುಟ್ಟ ವೇಷ ಮಾಡುತ್ತ ಮುಖ್ಯ ವೇಷದವರೆಗೆ ಹೋಗುತ್ತಿದ್ದರು. ಮೇಳಕ್ಕೆ ಹತ್ತು ಮಂದಿ ವ್ಯವಸ್ಥಾಪಕರು ಬೇಕಿರಲಿಲ್ಲ. ಆದರೂ ಪ್ರತಿಯೊಬ್ಬ ಕಲಾವಿದನಿಗೂ ತಾನು ಕಳೆದ ತಿರುಗಾಟಕ್ಕಿಂತ ಈ ತಿರುಗಾಟದಲ್ಲಿ ಎಲ್ಲಿದ್ದೇನೆ ಎಂಬುದು ಗೊತ್ತಿರುತ್ತಿತ್ತು, ನೋಡುವವರಿಗೂ ಗೊತ್ತಿರುತ್ತಿತ್ತು. ಬಡ್ತಿಯ ತಿರುಳು ಹುದ್ದೆಯ ಹೆಸರಿಗಿಂತ ಹೆಚ್ಚಾಗಿ ಈ ಏರಿಕೆಯಲ್ಲಿದೆ. ವಖಾರಿಯಲ್ಲಿ ತೂಕ, ಅನಂತರ ರಾಶಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ದರ್ಜೆಗಳನ್ನು ವಿಂಗಡಿಸುವ ಕಣ್ಣು, ಅನಂತರ ಟೆಂಡರಿನ ವ್ಯವಹಾರ ಎಂದು ಕೆಲಸವನ್ನು ಹಂತಹಂತವಾಗಿ ಕಲಿಸಿ, ಪ್ರತಿ ಹಂತಕ್ಕೂ ಸ್ವಲ್ಪ ಹಣ ಮತ್ತು ಸ್ವಂತ ತೀರ್ಮಾನದ ಅಧಿಕಾರ ಕೊಟ್ಟರೆ ಮೂರು ವರ್ಷದಲ್ಲಿ ಬಿಟ್ಟುಹೋಗುವವರು ಏಳು ವರ್ಷ ಇರುತ್ತಾರೆ. ಶಾಶ್ವತವಾಗಿ ಇರಬೇಕೆಂದು ಬಯಸುವುದು ಅತಿಯಾಸೆ.

ಕೆಲವರಲ್ಲಿ ಮಾತ್ರ ಹುಟ್ಟಿನಿಂದಲೇ ಸಾಧನೆಯ ಹಂಬಲ ಇರುತ್ತದೆ ಎನ್ನುತ್ತಾರಲ್ಲ?

ಡೇವಿಡ್ ಮೆಕ್‌ಲೆಲ್ಯಾಂಡ್ ಸಾಧನೆ, ಒಡನಾಟ, ಅಧಿಕಾರ ಎಂಬ ಮೂರು ಹಂಬಲಗಳನ್ನು ಗುರುತಿಸಿದರು, ಆದರೆ ಅವು ಹುಟ್ಟಿನಿಂದಲೇ ಬಂದವೆಂದು ಹೇಳಲಿಲ್ಲ. 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ತರಬೇತಿ ಕೊಟ್ಟು, ಅವರು ಹೊಸ ಉದ್ದಿಮೆಗೆ ಹೆಚ್ಚು ಮುಂದಾದುದನ್ನು ತೋರಿಸಿದರು. ಒಡನಾಟವೇ ಮುಖ್ಯವಾದವರನ್ನು ಒಂಟಿ ಗೋದಾಮಿನ ಕಾವಲಿಗೆ ಹಾಕದಿರುವಷ್ಟು ತಿಳಿದರೆ ದಿನನಿತ್ಯಕ್ಕೆ ಸಾಕು.

ಮಹಿಳಾ ನೌಕರರ ಅಗತ್ಯಗಳು ಬೇರೆಯೇ?

ಅಗತ್ಯಗಳು ಅವೇ, ಅಡ್ಡಿಗಳು ಬೇರೆ. ಬಾಗಿಲು ಸರಿಯಾಗಿ ಮುಚ್ಚುವ ಶೌಚಾಲಯ ಮತ್ತು ಕೊನೆಯ ಬಸ್ಸಿನ ಸಮಯ, ಇವೆರಡನ್ನು ಸರಿಪಡಿಸಿದರೆ ಗೇರುಬೀಜ ಕಾರ್ಖಾನೆಯ ಹಾಜರಿ ತಾನಾಗಿ ಸುಧಾರಿಸುತ್ತದೆ. 2023ರ ಜೂನಿನಿಂದ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ, ಆದರೆ ಸಂಜೆ ಆರೂವರೆಯ ನಂತರ ಒಳಊರಿಗೆ ಬಸ್ಸೇ ಇಲ್ಲದಿದ್ದರೆ ಉಚಿತವಾಗಿ ಏನು ಪ್ರಯೋಜನ? ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಗೋಡೆಯ ಮೇಲೆ ಹಾಳೆ ಅಂಟಿಸಿ ಮುಗಿಸುವ ವಿಷಯವಲ್ಲ ಇದು. ಭಯವಿರುವ ಕಡೆ ಮೇಲೆ ಹೇಳಿದ ಯಾವುದೂ ನಡೆಯುವುದಿಲ್ಲ.

ಯಾರಿಗೆ ಯಾವ ಅಗತ್ಯ ಬಾಧಿಸುತ್ತಿದೆ ಎಂದು ತಿಳಿಯುವುದು ಹೇಗೆ?

ಪ್ರಶ್ನಾವಳಿ ಹಂಚಬೇಡಿ. ಹದಿನೈದು ಜನರ ಸಂಸ್ಥೆಯಲ್ಲಿ ಹೆಸರಿಲ್ಲದ ಹಾಳೆಯ ಅಕ್ಷರವನ್ನೂ ಎಲ್ಲರೂ ಗುರುತಿಸುತ್ತಾರೆ. ರಜೆಯ ಪುಸ್ತಕ, ಮುಂಗಡದ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ವರ್ಷದ್ದನ್ನು ಓದಿ, ಅರ್ಧ ಉತ್ತರ ಅಲ್ಲಿಯೇ ಇರುತ್ತದೆ. ಉಳಿದದ್ದಕ್ಕೆ ಒಬ್ಬೊಬ್ಬರನ್ನೇ, ಕುರ್ಚಿಯ ಆಚೆ ಈಚೆ ಕೂರಿಸಿಕೊಳ್ಳದೆ, ಕೆಲಸದ ಜಾಗದಲ್ಲಿಯೇ ಕೇಳಬೇಕು: ಇಲ್ಲಿ ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ, ಯಾವುದನ್ನು ನೆನೆದರೆ ಬೆಳಿಗ್ಗೆ ಏಳಲು ಬೇಸರ? ಚೆಂಡೆಯ ಹುಡುಗ ಈ ಪ್ರಶ್ನೆಗೆ, ರೈತರ ಸಂಗಡ ಮಾತಾಡುವುದು ತನಗೆ ಇಷ್ಟ, ಅಂಕಿ ಬರೆಯುವುದು ಕಷ್ಟ ಎಂದ. ಅಷ್ಟು ಹೊತ್ತಿಗೆ ಅವನು ನಮ್ಮಲ್ಲಿ ಅಂಕಿ ಬರೆಯಲು ಹತ್ತಿ ನಾಲ್ಕು ವರ್ಷವಾಗಿತ್ತು.

ಎಲ್ಲ ಮಾಡಿದರೂ ಬಿಟ್ಟು ಹೋಗುವವರನ್ನು ಏನು ಮಾಡುವುದು?

ಬಾಕಿ ಪಗಾರ, ರಜೆಯ ಹಣ, ಅನುಭವದ ಪತ್ರ ಎಲ್ಲವನ್ನೂ ಕೂಡಲೇ ಕೊಟ್ಟು ಕಳಿಸಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಿಸುವುದನ್ನು ಇಲ್ಲಿ ಬಹಳ ಸಂಸ್ಥೆಗಳು ಮರೆಯುತ್ತವೆ, ಬಿಟ್ಟುಹೋದ ಹುಡುಗರು ಗೋವಾದ ಮಡಗಾಂವಿನಿಂದ ತಿಂಗಳುಗಟ್ಟಲೆ ಫೋನ್ ಮಾಡುತ್ತಿರುತ್ತಾರೆ. ಆ ಫೋನ್ ಎತ್ತುವವರು ಅವರ ಜೊತೆ ನಿನ್ನೆಯವರೆಗೆ ಊಟದ ಡಬ್ಬಿ ಹಂಚಿಕೊಂಡಿದ್ದ ನಿಮ್ಮ ಈಗಿನ ನೌಕರರೇ.